ನಗರಗೆರೆಯ ಕತ್ತಿ, ಕನ್ನಡದ ಬಾಳು

ಆಯುಧಪೂಜೆಗೆ ಇನ್ನು ಎರಡು ದಿನಗಳಿದ್ದವು. ನಗರಗೆರೆಯ ಬಸ್ಸಿಗಾಗಿ ಗೌರಿಬಿದನೂರಿನ ನಿಲ್ದಾಣದಲ್ಲಿ ಕುಳಿತಿದ್ದ ನಮ್ಮ ಕಿವಿಗೆ ಎರಡು ಭಾಷೆಗಳು ಒಟ್ಟಿಗೆ ಬೀಳುತ್ತಿದ್ದವು. ಹೂ ಮಾರುವ ತಾಯಿಯೊಬ್ಬರು ಗಿರಾಕಿಯೊಡನೆ ತೆಲುಗಿನಲ್ಲಿ ಚೌಕಾಸಿ ಮಾಡಿ ಚಿಲ್ಲರೆಯನ್ನು ಕನ್ನಡದಲ್ಲಿ ಎಣಿಸಿಕೊಟ್ಟರು. ಕಂಡಕ್ಟರು ಊರುಗಳ ಹೆಸರನ್ನು ಕನ್ನಡದಲ್ಲಿ ಕೂಗಿ, ಬಾಗಿಲಲ್ಲಿ ನಿಂತವರನ್ನು ತೆಲುಗಿನಲ್ಲಿ ಒಳಗೆ ಕಳುಹಿಸುತ್ತಿದ್ದರು. ಇದು ಉತ್ತರ ಪಿನಾಕಿನಿಯ ಸೀಮೆ. 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು ಆ ವರ್ಷ ಹೊಸದಾಗಿ ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಗಡಿಯಾಚೆಯ ಹಿಂದೂಪುರವೂ 2022ರಲ್ಲಿ ಅನಂತಪುರ ಜಿಲ್ಲೆಯಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆಗಳ ಗೆರೆಗಳು ಹೀಗೆ ಸರಿದಾಡಿದರೂ ಇಲ್ಲಿನ ಜನರ ನಾಲಗೆಯ ಮೇಲೆ ಯಾವ ಗೆರೆಯೂ ಬಿದ್ದಿಲ್ಲ.

ನಮ್ಮನ್ನು ಈ ಕಡೆಗೆ ಕರೆತಂದದ್ದು ಒಂದು ಕಾಗದ. ನಗರಗೆರೆ ಹೋಬಳಿಯ ಭಕ್ತ ಕುಟುಂಬವೊಂದು ನಮಗೆ ಬರೆದಿತ್ತು. ಮನೆಯಲ್ಲಿ ತಲೆಮಾರುಗಳಿಂದ ಪೂಜೆಗೊಳ್ಳುತ್ತಿರುವ ಒಂದು ಕತ್ತಿಯಿದೆ. ಅಣ್ಣತಮ್ಮಂದಿರು ಬೇರೆಯಾಗಿ ಆರು ವರ್ಷಗಳಾದವು. ಹೊಲ, ತೋಟ, ಕೊಟ್ಟಿಗೆ, ಪಾತ್ರೆ-ಪಡಗ ಎಲ್ಲವೂ ಪಾಲಾದವು, ಕತ್ತಿಯೊಂದು ಉಳಿದಿದೆ. ಅದು ಎಂಥದು, ಯಾರಿಗೆ ಸೇರತಕ್ಕದ್ದು ಎಂಬುದನ್ನು ಬಲ್ಲವರು ಬಂದು ನೋಡಿ ಹೇಳಬೇಕು ಎಂಬುದು ಅದರ ಸಾರಾಂಶ. ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಕುಳಿತು ಕೇಶಿರಾಜನ ಶಬ್ದಮಣಿದರ್ಪಣವನ್ನು ಬಾಯಿಪಾಠ ಮಾಡಿದವರು. ಶಬ್ದಗಳನ್ನು ಒರೆಯಿಂದ ಹಿರಿದು ನೋಡುವುದನ್ನು ಗುರುಗಳು ಕಲಿಸಿದ್ದರು. ಕತ್ತಿಯನ್ನು ಒರೆಯಿಂದ ಹಿರಿದು ನಮಗೆ ಅಭ್ಯಾಸವಿಲ್ಲ. ಆದರೂ ಕರೆದವರು ಭಕ್ತರು, ಕೇಳಿದ ಪ್ರಶ್ನೆ ಹಿರಿದು. ಹೊರಟೆವು.

ದಾರಿಯ ಎರಡು ಬದಿಗಳಲ್ಲಿ ರಾಗಿ ತೆನೆಗಟ್ಟಿತ್ತು. ಕೆಲವೆಡೆ ಕಡಲೆಕಾಯಿ ಕೀಳುವ ಕೆಲಸ ನಡೆದಿತ್ತು. ಊರಿನ ನಾಮಫಲಕ ಕಣ್ಣಿಗೆ ಬಿದ್ದೊಡನೆ ನಮ್ಮ ಹಳೆಯ ಚಾಳಿ ತಲೆಯೆತ್ತಿತು. ನಗರ, ಕೆರೆ ಎಂಬೆರಡು ಪದಗಳು ಸೇರಿ ನಗರಗೆರೆ. ಉತ್ತರಪದದ ಆದಿಯ ಕಕಾರಕ್ಕೆ ಗಕಾರ ಬರುವುದು ಆದೇಶ ಸಂಧಿ. ಮಳೆ, ಕಾಲ ಎಂಬುವು ಸೇರಿ ಮಳೆಗಾಲವಾಗುವುದನ್ನು ಶಾಲೆಯ ಮಕ್ಕಳೂ ಬಲ್ಲರು. ಸಣ್ಣ ವಿಷಯವೆಂದು ವಾಚಕರು ಇದನ್ನು ಮರೆಯಬಾರದು. ಮುಂದೆ ಇದೇ ಸಂಧಿ ನಮಗೊಂದು ಬಾಗಿಲನ್ನು ತೆರೆದುಕೊಡಲಿದೆ.

ಬಸ್ಸಿಳಿದು ಚಹಾದಂಗಡಿಯ ಮುಂದೆ ನಿಂತಾಗ ಹಿರಿಯರೊಬ್ಬರು ಎದ್ದು ಜಾಗ ಬಿಟ್ಟುಕೊಟ್ಟರು. ಬಂದ ಕಾರಣವನ್ನು ಕೇಳಿ ತಿಳಿದ ಮೇಲೆ ಅವರೇ ಒಂದು ವ್ಯುತ್ಪತ್ತಿಯನ್ನು ಹೇಳಿದರು: “ಕತ್ತಿ ಅಂದ್ರೆ ತಲವಾರು ಅಲ್ವಾ ಸ್ವಾಮಿ? ತಲವಾರು ಹಿಡ್ಕೊಂಡು ಊರು ಕಾಯೋನಿಗೇ ತಳವಾರ ಅಂತ ಹೆಸರು ಬಂದದ್ದು.” ಸುತ್ತ ಇದ್ದವರೆಲ್ಲ ತಲೆದೂಗಿದರು.

ಕೇಳಲು ಸೊಗಸಾದ ಮಾತು, ಆದರೆ ನಿಜವಲ್ಲ. ತಲವಾರು ಉತ್ತರದಿಂದ ಬಂದ ಶಬ್ದ. ಸಂಸ್ಕೃತದ ತರವಾರಿ ಎಂಬುದು ಅಲ್ಲಿನ ದೇಶಭಾಷೆಗಳಲ್ಲಿ ತಲವಾರ್ ಎಂದಾಗಿ, ಸುಲ್ತಾನರ, ಮರಾಠರ, ಮೊಘಲರ ದಂಡುಗಳೊಡನೆ ನಮ್ಮ ಕಡೆಗೆ ಇಳಿದು ಬಂದಿತು. 1687ರಲ್ಲಿ ಮೊಘಲರು ಶಿರಾವನ್ನು ಸುಬೆಯ ಕೇಂದ್ರವನ್ನಾಗಿ ಮಾಡಿಕೊಂಡು ಪೆನುಕೊಂಡೆ, ದೊಡ್ಡಬಳ್ಳಾಪುರ, ಕೋಲಾರದ ಪರಗಣೆಗಳನ್ನು ಅದಕ್ಕೆ ಸೇರಿಸಿದಾಗ ಈ ಸೀಮೆಯೆಲ್ಲ ಆ ದಂಡಿನ ಭಾಷೆಗೆ ಕಿವಿಗೊಡಬೇಕಾಯಿತು. ತಳವಾರನಾದರೋ ಅದಕ್ಕಿಂತ ಬಹಳ ಹಳಬ. ನಾಗಾರ್ಜುನಕೊಂಡದ ಇಕ್ಷ್ವಾಕು ಅರಸರ ಶಾಸನಗಳಲ್ಲಿ, ಎಂದರೆ ಕ್ರಿ.ಶ. ಮೂರನೆಯ ಶತಮಾನದಷ್ಟು ಹಿಂದೆಯೇ, ಮಹಾತಲವರರೆಂಬ ಅಧಿಕಾರಿಗಳಿದ್ದರು. ದೊಡ್ಡ ಅಧಿಕಾರಿಯ ಹೆಸರು ಕಾಲಕ್ರಮದಲ್ಲಿ ಇಳಿದು ಊರ ಕಾವಲುಗಾರನಿಗೆ ನಿಂತಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಿಂದ ಆ ವಂಶಪಾರಂಪರ್ಯದ ಹುದ್ದೆಯೂ ಹೋಯಿತು. ಹೆಸರು ಮಾತ್ರ ಮನೆತನಗಳಲ್ಲಿ ಉಳಿಯಿತು. ಮುಖ ಹೋಲಿದ ಮಾತ್ರಕ್ಕೆ ಇಬ್ಬರು ಅಣ್ಣತಮ್ಮಂದಿರಾಗುವುದಿಲ್ಲ, ಶಬ್ದಗಳಲ್ಲಿಯೂ ಹಾಗೆಯೇ. ಇದನ್ನು ವಿವರಿಸಿದಾಗ ಆ ಹಿರಿಯರು ನಕ್ಕು, “ಹಂಗಾದ್ರೆ ನಮ್ಮ ತಳವಾರ ತಲವಾರಿಗಿಂತ ದೊಡ್ಡೋನು ಬಿಡಿ” ಎಂದರು.

ಕಾಗದ ಬರೆದವರ ಮನೆ ಹಳೆಯ ಕಾಲದ ತೊಟ್ಟಿಮನೆ. ಅದರ ಅರ್ಧ ಈಗ ಬೀಗ ಹಾಕಿದೆ. ತಮ್ಮನು ಕೆರೆಯ ಕಡೆಗೆ ಹೊಸ ಮನೆ ಕಟ್ಟಿಕೊಂಡಿದ್ದಾನೆ. ಅಣ್ಣನೊಡನೆ ವೃದ್ಧ ತಾಯಿಯಿದ್ದಾರೆ. ಮನೆಯವರೆಲ್ಲ ಆಕೆಯನ್ನು ಅವ್ವ ಎನ್ನುತ್ತಾರೆ. ಪಾದೋದಕ ಪ್ರಸಾದಗಳಾದ ಮೇಲೆ ದೇವರ ಕೋಣೆಯಿಂದ ಕೆಂಪು ವಸ್ತ್ರದಲ್ಲಿ ಸುತ್ತಿದ ಕತ್ತಿಯನ್ನು ತಂದು ಮಣೆಯ ಮೇಲಿಟ್ಟರು. ಸುಮಾರು ಎರಡೂವರೆ ಅಡಿ ಉದ್ದ, ತುಸು ಬಾಗಿದ ಮೈ, ಒಂದೇ ಕಡೆಗೆ ಹದ, ಹಿಡಿಯ ತುದಿಯಲ್ಲಿ ಬಿಲ್ಲೆಯಾಕಾರದ ಕಬ್ಬಿಣ. ಬರಹವಿಲ್ಲ, ಮುದ್ರೆಯಿಲ್ಲ. ಯಾರದೆಂದು ಅದೇ ಬಾಯಿಬಿಟ್ಟು ಹೇಳಲಾರದು. ಆಗ ನಮಗೊಂದು ಯೋಚನೆ ಹೊಳೆಯಿತು. ಮನೆಯ ಒಬ್ಬೊಬ್ಬರನ್ನೂ ಕರೆದು, “ಇದನ್ನು ನೀವು ಏನೆಂದು ಕರೆಯುತ್ತೀರಿ?” ಎಂದು ಕೇಳಿದೆವು.

ಅಣ್ಣ “ವೀರಭದ್ರದೇವರ ಖಡ್ಗ” ಎಂದ. ಕಾಲೇಜಿನಲ್ಲಿ ಓದುವ ಅವನ ಮಗ “ತಲವಾರ್” ಎಂದ. ಸೊಸೆ “ನಾವು ಅಲಗು ಅಂತೀವಿ” ಎಂದಳು. ಅವ್ವ ಮಾತ್ರ ಬಹಳ ಸಹಜವಾಗಿ “ಕತ್ತಿ ಬುದ್ಧಿ, ಕತ್ತಿ. ಇನ್ನೇನಂತಾರೆ?” ಎಂದರು. ಒಂದು ವಸ್ತು, ಒಂದು ಮನೆ, ನಾಲ್ಕು ಹೆಸರು. ಆ ನಾಲ್ಕರೊಳಗೆ ನಮ್ಮ ನಾಡಿನ ಎರಡು ಸಾವಿರ ವರ್ಷಗಳ ಚರಿತ್ರೆ ಅಡಗಿ ಕುಳಿತಿದೆ.

ಅವ್ವನ ಕತ್ತಿಯೇ ಮೊದಲಾಗಲಿ. ಇದು ದ್ರಾವಿಡ ಭಾಷೆಗಳ ಸ್ವಂತ ಸೊತ್ತು. ಕನ್ನಡ, ತೆಲುಗು, ತಮಿಳು, ಮಲಯಾಳಂ ನಾಲ್ಕರಲ್ಲಿಯೂ ಕತ್ತಿಯು ಕತ್ತಿಯೇ. ಆದರೆ ಅದು ಎಲ್ಲೆಡೆಯೂ ಯೋಧನ ಕೈಯಲ್ಲಿಲ್ಲ. ನಮ್ಮ ಕರಾವಳಿಯಲ್ಲಿ ಕತ್ತಿಯೆಂದರೆ ತೋಟದಲ್ಲಿ ಹುಲ್ಲು ಸೊಪ್ಪು ಕೊಯ್ಯುವ ಉಪಕರಣ. ಕ್ಷೌರಿಕನ ಪೆಟ್ಟಿಗೆಯಲ್ಲಿರುವುದೂ ಕತ್ತಿಯೇ. ಮನೆಗೆಲಸಕ್ಕೆ ಹುಟ್ಟಿದ ಶಬ್ದ ರಣರಂಗಕ್ಕೂ ಹೋಗಿ ಬಂದಿದೆ. ಸೊಸೆ ಹೇಳಿದ ಅಲಗೂ ಅಚ್ಚಗನ್ನಡದ್ದೇ. ಹಿಡಿಯನ್ನು ಬಿಟ್ಟು ಕೊಯ್ಯುವ ಭಾಗಕ್ಕಷ್ಟೇ ಅದು ಹೆಸರು. ಭಾಗದ ಹೆಸರು ಇಡಿಯ ಕತ್ತಿಗೆ ಹರಡಿಕೊಂಡಿದೆ.

ಅಣ್ಣನು ಹೇಳಿದ ಖಡ್ಗ ಸಂಸ್ಕೃತದ್ದು. ಅದರ ಜಾತಕ ಸ್ವಾರಸ್ಯಕರವಾಗಿದೆ. ಖಡ್ಗಮೃಗವೆಂದರೆ ಮೂಗಿನ ಮೇಲೆ ಕತ್ತಿಯನ್ನು ಹೊತ್ತ ಪ್ರಾಣಿಯೆಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಯಜುರ್ವೇದದ ಸಂಹಿತೆಗಳಲ್ಲಿ ಖಡ್ಗ ಎಂಬ ಶಬ್ದ ಆ ಪ್ರಾಣಿಯನ್ನೇ ಹೇಳುತ್ತದೆ. ಆ ಕಾಲದಲ್ಲಿ ಕತ್ತಿಗೆ ಬಳಸುತ್ತಿದ್ದ ಮಾತು ಅಸಿ. ಲ್ಯಾಟಿನ್ ಭಾಷೆಯಲ್ಲಿ ಖಡ್ಗಕ್ಕಿರುವ ಎನ್ಸಿಸ್ ಎಂಬುದು ಅದರ ದೂರದ ನಂಟ. ಕನ್ನಡಿಗರು ಖಡ್ಗವನ್ನು ಬಾಯಿಗೆ ಒಗ್ಗಿಸಿಕೊಂಡು ಕಡುಗ ಎಂಬ ತದ್ಭವವನ್ನೂ ಮಾಡಿಕೊಂಡರು. ಶಸ್ತ್ರ, ಅಸ್ತ್ರಗಳ ಭೇದವನ್ನೂ ಇಲ್ಲಿಯೇ ಹೇಳಬಹುದು. ಕೈಯಲ್ಲಿ ಹಿಡಿದು ಕಡಿಯುವುದು ಶಸ್ತ್ರ; ಎಸೆಯುವುದು ಅಸ್ತ್ರ. ಕಡಿ ಎಂಬರ್ಥದ ಧಾತುವಿನಿಂದ ಮೊದಲನೆಯದು, ಎಸೆ ಎಂಬರ್ಥದ ಧಾತುವಿನಿಂದ ಎರಡನೆಯದು ಬಂದಿದೆ. ಕತ್ತಿ ಶಸ್ತ್ರ, ಬಾಣ ಅಸ್ತ್ರ.

ನಮ್ಮ ಮನೆಗಳಿಗೆ ಖಡ್ಗದ ಪರಿಚಯ ಯುದ್ಧದಿಂದ ಆದದ್ದಲ್ಲ, ವೀರಭದ್ರನಿಂದ. ಇಲ್ಲಿಂದ ಗಡಿಯಾಚೆಗೆ ಹೋದರೆ ಲೇಪಾಕ್ಷಿ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಸೋದರರು ಕಟ್ಟಿಸಿದ ಅಲ್ಲಿನ ವೀರಭದ್ರ ದೇವಾಲಯದಲ್ಲಿ ಕನ್ನಡ ಶಾಸನಗಳಿವೆ. ಈ ಮನೆಯವರು ಹಿಂದಿನಿಂದಲೂ ನಡೆದುಕೊಳ್ಳುವುದು ಆ ದೇವರಿಗೇ. ವೀರಗಾಸೆಯವರು ಕೈಯಲ್ಲಿ ಕತ್ತಿಯೆತ್ತಿ ದಕ್ಷಯಜ್ಞದ ಕಥೆಯನ್ನು ಹೇಳುವ ಒಡಪುಗಳಿಗೆ ಕೆಲವೆಡೆ ಖಡ್ಗ ಎಂದೇ ಹೆಸರು. ಕೈಯಲ್ಲಿರುವ ಲೋಹವೂ ಖಡ್ಗ, ಬಾಯಲ್ಲಿರುವ ನುಡಿಯೂ ಖಡ್ಗ. ಅಲ್ಲಮಪ್ರಭು ಮತ್ತು ಗೋರಕ್ಷನ ಪ್ರಸಂಗವನ್ನು ನಮ್ಮ ಹಿರಿಯರೆಲ್ಲ ಬಲ್ಲರು. ಕತ್ತಿಯಿಂದ ಹೊಡೆದರೆ ಖಣಿಲೆಂದ ಗೋರಕ್ಷನ ವಜ್ರಕಾಯಕ್ಕಿಂತ, ಕತ್ತಿಯು ಗಾಳಿಯಲ್ಲಿ ಹಾಯುವಂತೆ ಹಾದುಹೋದ ಪ್ರಭುವಿನ ನಿಲುವು ದೊಡ್ಡದೆಂದು ಪ್ರಭುಲಿಂಗಲೀಲೆ, ಶೂನ್ಯಸಂಪಾದನೆಗಳು ಸಾರುತ್ತವೆ.

ಸಣ್ಣ ಆಯುಧಗಳ ಸಂಸಾರವೂ ದೊಡ್ಡದು. ಕ್ಷುರವೆಂದರೆ ಹರಿತವಾದ ಕ್ಷೌರದ ಕತ್ತಿ. ಅದರ ಬಳಗದ ಛುರಿಕೆಯಿಂದ ನಮ್ಮ ಚೂರಿ ಬಂತು. ಹಳಗನ್ನಡದ ಸುರಗಿಯೂ ಅದೇ ಮೂಲದ್ದು. ಪರಿಮಳ ಬೀರುವ ಸುರಗಿ ಹೂವಿಗೂ ಈ ಸುರಗಿಗೂ ಹೆಸರಷ್ಟೇ ಸಮಾನ. ಸೊಂಟಕ್ಕೆ ಸಿಕ್ಕಿಸುವ ಕಠಾರಿ ಉತ್ತರ ದಕ್ಷಿಣಗಳೆರಡಕ್ಕೂ ಪರಿಚಿತ. ಸಾಳುವ ಅರಸರಿಗೆ ‘ಕಠಾರಿಸಾಳುವ’ ಎಂಬ ಬಿರುದಿತ್ತು. ಸಾಳುವವೆಂದರೆ ಬೇಟೆಯ ಗಿಡುಗ. ಇನ್ನು ಫಿರಂಗಿಯ ಕಥೆ ಬೇರೆ. ಪರಂಗಿಯವರಿಂದ ಬಂದ ಅಲಗಿನ ಕತ್ತಿಗೆ ಮರಾಠರು ಫಿರಂಗ್ ಎಂದರು. ಪರಂಗಿಯವರಿಂದ ಬಂದ ತೋಪಿಗೆ ನಾವು ಫಿರಂಗಿ ಎಂದೆವು. ಒಂದೇ ಹೆಸರು ಒಂದು ನಾಡಿನಲ್ಲಿ ಕತ್ತಿ, ಇನ್ನೊಂದರಲ್ಲಿ ತೋಪು.

ಇಷ್ಟು ಹೊತ್ತಿಗೆ ತಮ್ಮನೂ ಬಂದು ಹೊಸ್ತಿಲಾಚೆ ನಿಂತಿದ್ದ. ಒಳಗೆ ಬಾ ಎಂದು ಅಣ್ಣ ಕರೆಯಲಿಲ್ಲ, ಅವನೂ ಬರಲಿಲ್ಲ. ಅಲ್ಲಿಂದಲೇ ನಮ್ಮನ್ನು ಕೇಳಿದ: “ಸ್ವಾಮಿ, ಇದು ಕಬ್ಬಿಣದ್ದೋ ಉಕ್ಕಿನದೋ?” ಒಳ್ಳೆಯ ಪ್ರಶ್ನೆಯೇ. ಉಕ್ಕು ನಮ್ಮ ಸೀಮೆಯ ಹೆಮ್ಮೆಯ ಶಬ್ದ. 1800ರಲ್ಲಿ ಮೈಸೂರು ದೇಶವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ದೂರವಲ್ಲದ ಮಧುಗಿರಿ, ಚನ್ನರಾಯನದುರ್ಗಗಳ ಕಡೆಯ ಕಬ್ಬಿಣ ಉಕ್ಕುಗಳ ಕೆಲಸವನ್ನು ವರ್ಣಿಸಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ಕಟ್ಟಿಗೆ ಎಲೆಗಳನ್ನಿಟ್ಟು, ಬಾಯಿ ಮುಚ್ಚಿ ಬಹಳ ಹೊತ್ತು ಕಾಯಿಸಿ ತೆಗೆದ ಈ ಲೋಹವನ್ನು ಆಂಗ್ಲರು ವೂಟ್ಸ್ ಎಂದರು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸನು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧವನ್ನೇ ಮಂಡಿಸಿದನು. ವೂಟ್ಸ್ ಎಂಬುದು ನಮ್ಮ ಉಕ್ಕು ಎಂಬ ಮಾತೇ ಪರದೇಶಿಯರ ಬಾಯಲ್ಲಿ ತಿರುಚಿಕೊಂಡ ರೂಪವೆಂದು ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ. ತೆಲುಗಿನಲ್ಲಿಯೂ ಅದು ಉಕ್ಕೇ. ಈ ಕತ್ತಿಯ ಲೋಹವನ್ನು ಪರೀಕ್ಷಿಸುವ ವಿದ್ಯೆ ನಮ್ಮಲ್ಲಿಲ್ಲವೆಂದು ತಮ್ಮನಿಗೆ ಹೇಳಿದೆವು. ಅವನು ತಲೆಯಾಡಿಸಿ ಹೊರಟುಹೋದ.

ಮಾರನೆಯ ದಿನ ಬೆಳಿಗ್ಗೆ ಕಾಲೇಜಿನ ಹುಡುಗನು ನಮ್ಮನ್ನು ಹೊಲಗಳ ಕಡೆಗೆ ಕರೆದುಕೊಂಡು ಹೋದ. ಒಂದು ಬದುವಿನ ಮೇಲೆ, ಹೊಂಗೆಯ ನೆರಳಿನಲ್ಲಿ, ಅರ್ಧ ಹೂತ ಕಲ್ಲೊಂದು ನಿಂತಿತ್ತು. ಬಿಚ್ಚಿದ ಕತ್ತಿಯನ್ನು ಎತ್ತಿ ಹಿಡಿದ ವೀರ. ಮಳೆ ಗಾಳಿಗೆ ಮುಖ ಸವೆದು ಹೋಗಿದೆ, ಕೈಯ ಕತ್ತಿ ಮಾತ್ರ ಉಳಿದಿದೆ. “ಇದಕ್ಕೆ ಹೆಸರೇನು ತಾತ?” ಎಂದು ಹುಡುಗ ಕೇಳಿದ. ಆ ಕಲ್ಲಿನ ಕಾಲದವರು ನಮ್ಮ ನಾಲ್ಕು ಹೆಸರುಗಳ ಜೊತೆಗೆ ಐದನೆಯದೊಂದನ್ನು ಹೇಳುತ್ತಿದ್ದರು. ಅದೇ ಬಾಳ್.

ತಮಿಳು ಮಲಯಾಳಂಗಳಲ್ಲಿ ಇಂದಿಗೂ ಖಡ್ಗಕ್ಕೆ ವಾಳ್ ಎನ್ನುತ್ತಾರೆ. ಅಲ್ಲಿನ ವಕಾರ ಕನ್ನಡದಲ್ಲಿ ಬಕಾರವಾಗುವುದು ನಿಯಮ. ಅಲ್ಲಿ ವಿಲ್, ಇಲ್ಲಿ ಬಿಲ್ಲು; ಅಲ್ಲಿ ವೇರ್, ಇಲ್ಲಿ ಬೇರು; ಅಲ್ಲಿ ವಾಯ್, ಇಲ್ಲಿ ಬಾಯಿ. ಹಾಗೆಯೇ ವಾಳ್ ನಮ್ಮಲ್ಲಿ ಬಾಳ್ ಆಯಿತು. ಸಂಸ್ಕೃತದ ಕರವಾಲದೊಳಗೆ ಇದೇ ದ್ರಾವಿಡ ಶಬ್ದ ಕುಳಿತಿದೆಯೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಹಳಗನ್ನಡದ ಕವಿಗಳಿಗೂ ಶಾಸನಕಾರರಿಗೂ ಬಾಳ್ ಬಲು ಹತ್ತಿರದ ಮಾತು. ಹಾಗಿದ್ದ ಮೇಲೆ ಇಂದು ಯಾವ ಕನ್ನಡಿಗನೂ ಕತ್ತಿಯನ್ನು ಬಾಳ್ ಎನ್ನದಿರಲು ಕಾರಣವೇನು?

ಇಲ್ಲಿ ಕೇಶಿರಾಜನನ್ನು ನೆನೆಯಬೇಕು. ಹಿಂದಿನ ಕನ್ನಡದಲ್ಲಿ ಈಗಿನ ಳಕಾರದ ಜೊತೆಗೆ ೞ ಎಂಬ ಬೇರೊಂದು ಅಕ್ಷರವಿತ್ತು. ಖಡ್ಗಕ್ಕೆ ಬಾಳ್ ಎಂದೂ ಜೀವನಕ್ಕೆ ಬಾೞ್ ಎಂದೂ ಬೇರೆ ಬೇರೆಯಾಗಿ ನುಡಿಯುತ್ತಿದ್ದರು, ಬೇರೆ ಬೇರೆಯಾಗಿ ಬರೆಯುತ್ತಿದ್ದರು. ಕಾಲ ಸರಿದಂತೆ ೞಕಾರದ ಉಚ್ಚಾರ ಳಕಾರದಲ್ಲಿ ಕರಗಿತು. ಹದಿಮೂರನೆಯ ಶತಮಾನದ ಕೇಶಿರಾಜನು ಯಾವ ಯಾವ ಶಬ್ದಗಳಲ್ಲಿ ೞಕಾರವಿರಬೇಕೆಂದು ಪಟ್ಟಿ ಮಾಡಿ ಹೇಳುವ ಹೊತ್ತಿಗೆ ಜನರ ಬಾಯಲ್ಲಿ ಅದು ಮರೆಯಾಗುತ್ತಿತ್ತು. ಮರೆಯದವರಿಗೆ ಪಟ್ಟಿ ಬೇಕಾಗುವುದಿಲ್ಲವಷ್ಟೆ. ಕತ್ತಿಯ ಒಱೆಗೂ ಚಿನ್ನವನ್ನು ತಿಕ್ಕುವ ಒರೆಗೂ ಇದ್ದ ಭೇದ ಱಕಾರದೊಡನೆ ಹೋದಂತೆಯೇ, ಖಡ್ಗಕ್ಕೂ ಜೀವನಕ್ಕೂ ಇದ್ದ ಭೇದ ೞಕಾರದೊಡನೆ ಹೋಯಿತು. ಎರಡೂ ಬಾಳ್ ಆದವು. ಸಂಬಂಧವಿಲ್ಲದ ಎರಡು ಶಬ್ದಗಳು ಒಂದೇ ಮನೆಯಲ್ಲಿ ಸಂಸಾರ ಹೂಡಬೇಕಾಯಿತು. ಒಂದು ಹೊರಗೆ ಹೋಗಲೇಬೇಕಿತ್ತು. ಕೊಲ್ಲುವ ಬಾಳ್ ಹೋಯಿತು, ಬದುಕುವ ಬಾಳು ಉಳಿಯಿತು. ಹಿರಿಯರು ಕಿರಿಯರ ತಲೆ ಮುಟ್ಟಿ ‘ಚೆನ್ನಾಗಿ ಬಾಳು’ ಎಂದು ಹರಸುವಾಗ ಒಂದು ಕಾಲದಲ್ಲಿ ಇದೇ ದನಿಯ ಮಾತು ಅಲಗಾಗಿತ್ತೆಂಬುದು ಯಾರಿಗೂ ನೆನಪಾಗುವುದಿಲ್ಲ.

ಅಂಥ ಕಲ್ಲುಗಳ ನಡುವೆ ಇನ್ನೊಂದು ಮಾತೂ ಹುದುಗಿದೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಎಂದರೆ ಇಂದಿನ ಹೇಮಾವತಿ, ಈ ಗಡಿಯಾಚೆಯದೇ. ಗಂಗರು, ನೊಳಂಬರು, ಬಾಣರು, ಚೋಳರು ಈ ಸೀಮೆಗಾಗಿ ಕಾದಾಡಿದ್ದರಿಂದಲೇ ಇಲ್ಲಿ ವೀರಗಲ್ಲುಗಳು ಇಷ್ಟೊಂದು. ಆಗಿನ ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಹೊರತಂದರು. ಆ ಯುಗದ ಶಾಸನಗಳಲ್ಲಿ ವೀರನಿಗೋ ಅವನ ಮನೆಯವರಿಗೋ ಬಿಟ್ಟ ಭೂಮಿಯನ್ನು ಬಾಳ್ಗೞ್ಚು ಅಥವಾ ಬಾಳ್ಗಚ್ಚು ಎನ್ನುತ್ತಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಪ್ರಸಿದ್ಧ ಶಾಸನವೂ ಅಂಥದೇ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗನು ಊರುಗಳನ್ನು ಬಾಳ್ಗಚ್ಚಾಗಿ ಕೊಟ್ಟನೆಂದು ಹತ್ತನೆಯ ಶತಮಾನದ ನಡುವಿನ ಆ ಕಲ್ಲು ಹೇಳುತ್ತದೆ.

ಇದನ್ನು ಬಿಡಿಸಲು ನಗರಗೆರೆಯ ಸಂಧಿಯೇ ಸಾಕು. ಕೆರೆ ಗೆರೆಯಾದಂತೆ ಇಲ್ಲಿ ಕೞ್ಚು ಗೞ್ಚು ಆಗಿದೆ. ಬಾಳ್ ಎಂದರೆ ಖಡ್ಗ. ಕೞ್ಚು ಎಂದರೆ ತೊಳೆ. ಖಡ್ಗವನ್ನು ತೊಳೆಯುವುದು! ಯುದ್ಧ ಮುಗಿದ ಮೇಲೆ ನೆತ್ತರಾದ ಖಡ್ಗವನ್ನು ತೊಳೆದು ಕೊಟ್ಟ ಕೊಡುಗೆಯೆಂದು ವಿದ್ವಾಂಸರು ಅರ್ಥ ಮಾಡಿದ್ದಾರೆ. ನೆತ್ತರುಗೊಡಗೆ ಎಂಬ ಇನ್ನೊಂದು ಶಬ್ದವೂ ಶಾಸನಗಳಲ್ಲಿದೆ. ಅದು ಚೆಲ್ಲಿದ ರಕ್ತವನ್ನು ನೆನೆಯುತ್ತದೆ. ಬಾಳ್ಗೞ್ಚು ರಕ್ತವನ್ನು ತೊಳೆದ ನೀರನ್ನು ನೆನೆಯುತ್ತದೆ. ಆ ನೀರಿನ ಹೆಸರಿನಲ್ಲಿ ಬಂದ ಹೊಲದಲ್ಲಿ ವೀರನ ಮಕ್ಕಳು ಉತ್ತು ಬಿತ್ತಿ ಉಂಡರು. ಬಾಳನ್ನು ತೊಳೆದದ್ದರಿಂದ ಬಾೞು ನಡೆಯಿತು. ಶಬ್ದಮೂಲದಲ್ಲಿ ಎರಡಕ್ಕೂ ನಂಟಿಲ್ಲವೆಂದು ಈಗತಾನೇ ಹೇಳಿದೆವು; ಲೋಕದ ನಡವಳಿಕೆಯಲ್ಲಿ ನಮ್ಮ ಪೂರ್ವಿಕರೇ ಆ ನಂಟನ್ನು ಕಟ್ಟಿದ್ದರು.

ಕೞ್ಚು ಎಂಬ ಕ್ರಿಯಾಪದ ಇಂದಿನ ಕನ್ನಡದಿಂದ ಮರೆಯಾಗಿದೆ ಎಂದು ಹುಡುಗನಿಗೆ ಹೇಳುತ್ತಲೇ ಮನೆಗೆ ಹಿಂದಿರುಗಿದೆವು. ಅಂಗಳದಲ್ಲಿ ನಾಳಿನ ಪೂಜೆಯ ಸಿದ್ಧತೆ ನಡೆದಿತ್ತು. ಕುಡುಗೋಲು, ಮಚ್ಚು, ನೇಗಿಲ ಗುಳ, ಗುದ್ದಲಿ, ಎಲ್ಲವನ್ನೂ ತಂದು ಜಗುಲಿಯ ಮೇಲೆ ಹರಡಿದ್ದರು. ಕುಡು ಎಂದರೆ ಬಾಗಿದ್ದು. ಬಾಗಿದ ಕೋಲೇ ಕುಡುಗೋಲು. ಕತ್ತಿಯ ಸಮೀಪದ ಬಂಧುವಾದ ಅದಕ್ಕೆ ಯಾರ ರಕ್ತದ ಋಣವೂ ಇಲ್ಲ. ಕಂಬಕ್ಕೊರಗಿ ಕುಳಿತಿದ್ದ ಅವ್ವ ಒಳಗಿದ್ದ ಸೊಸೆಯನ್ನು ಕೂಗಿ ತೆಲುಗಿನಲ್ಲಿ ಹೇಳಿದರು: “ಕತ್ತಿ ಕಡಗಾಲ.”

ನಾವು ಕಾಲಿಟ್ಟಲ್ಲೇ ನಿಂತೆವು. ಕಡುಗು ಎಂದರೆ ತೆಲುಗಿನಲ್ಲಿ ತೊಳೆ ಎಂದರ್ಥ. ಹಳಗನ್ನಡದ ೞಕಾರವಿದ್ದ ಕಡೆ ತೆಲುಗಿನಲ್ಲಿ ಡಕಾರ ಬರುವುದು ವಾಡಿಕೆ. ನಮ್ಮ ಏೞು ಇಂದು ಏಳು, ಅವರಿಗೆ ಏಡು. ನಮ್ಮ ಕೋೞಿ ಇಂದು ಕೋಳಿ, ಅವರಿಗೆ ಕೋಡಿ. ಶಾಸನದ ಕೞ್ಚು, ತಮಿಳಿನ ಕೞುವು, ತೆಲುಗಿನ ಕಡುಗು ಮೂರೂ ಒಂದೇ ತಾಯಿಯ ಮಕ್ಕಳು. ಸಾವಿರ ವರ್ಷಗಳ ಹಿಂದಿನ ಕನ್ನಡ ಶಾಸನದಲ್ಲಿ ಸತ್ತುಹೋಯಿತೆಂದು ನಾವು ತಿಳಿದಿದ್ದ ಮಾತು ಗಡಿಯ ಈ ಹಟ್ಟಿಯಂಗಳದಲ್ಲಿ, ಅಕ್ಷರವರಿಯದ ಮುದುಕಿಯ ಬಾಯಲ್ಲಿ, ಇನ್ನೂ ಮನೆಗೆಲಸ ಮಾಡಿಕೊಂಡಿತ್ತು. ‘ಕತ್ತಿ ಕಡಗಾಲ’ ಎಂದರೆ ಕತ್ತಿ ತೊಳೆಯಬೇಕು. ಆಕೆ ಹೇಳಿದ್ದು ಬಾಳ್ಗೞ್ಚನ್ನೇ.

ರಾತ್ರಿ ಅಣ್ಣತಮ್ಮಂದಿರಿಬ್ಬರನ್ನೂ ಕರೆಸಿದೆವು. ಕತ್ತಿ ಯಾರಿಗೆ ಸೇರಬೇಕೆಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲವೆಂದೂ, ಅದರ ಆಕಾರ ತಲವಾರಿನದಾದ್ದರಿಂದ ಕಳೆದ ಕೆಲವು ಶತಮಾನಗಳ ಒಳಗಿನದೆಂದಷ್ಟೇ ಹೇಳಬಲ್ಲೆವೆಂದೂ ತಿಳಿಸಿದೆವು. ಆಮೇಲೆ ಬಾಳ್ಗೞ್ಚಿನ ಅರ್ಥವನ್ನು ವಿವರಿಸಿದೆವು. ಆ ಕಾಲದಲ್ಲಿ ಮನೆಗೆ ದಕ್ಕಿದ ಸೊತ್ತು ಹೊಲ. ಕತ್ತಿ ತೊಳೆದದ್ದು ಅದಕ್ಕೆ ನಿಮಿತ್ತ. ನಿಮ್ಮಲ್ಲಿ ಹೊಲ ಪಾಲಾಗಿದೆ. ಕತ್ತಿಯನ್ನು ತೊಳೆಯುವವರು ಯಾರು ಎಂಬುದನ್ನು ಮಾತ್ರ ಯಾರೂ ಕೇಳಿಲ್ಲ ಎಂದೆವು. ಇಬ್ಬರೂ ಮಾತಾಡಲಿಲ್ಲ. ಅವ್ವ ಮಾತ್ರ, “ನನ್ನ ಮಾವ ಇದ್ದಾಗ ಒಬ್ರು ನೀರು ಹೊಯ್ಯೋರು, ಒಬ್ರು ತಿಕ್ಕೋರು ಬುದ್ಧಿ. ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಅದು” ಎಂದರು.

ಆಯುಧಪೂಜೆಯ ಬೆಳಿಗ್ಗೆ ತಮ್ಮನು ತನ್ನ ಕೊಳವೆಬಾವಿಯ ನೀರನ್ನು ಕೊಡದಲ್ಲಿ ಹೊತ್ತು ತಂದ. ಹೊಸ್ತಿಲ ಬಳಿ ಒಂದು ಕ್ಷಣ ನಿಂತ. ಅಣ್ಣ ಮಾತಿಲ್ಲದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಒಬ್ಬ ನೀರೆರೆದ, ಒಬ್ಬ ಹುಣಸೆಹಣ್ಣು ಬೂದಿಗಳಿಂದ ತಿಕ್ಕಿದ. ಕಂದು ನೀರು ಅಂಗಳದ ಕಾಲುವೆಗುಂಟ ಹರಿದು ತೆಂಗಿನ ಬುಡ ಸೇರಿತು. ಕತ್ತಿಗೆ ವಿಭೂತಿ ಧರಿಸಿ, ಕುಡುಗೋಲು ಗುದ್ದಲಿಗಳ ಸಾಲಿನಲ್ಲಿಯೇ ಇಟ್ಟು ಪೂಜಿಸಿದರು. ಬದುವಿನ ಬಗ್ಗೆ ಅವರಿಬ್ಬರ ನಡುವೆ ಇರುವ ವ್ಯಾಜ್ಯ ಇನ್ನೂ ನ್ಯಾಯಾಲಯದಲ್ಲಿದೆ. ಅದು ಮುಗಿಯಿತೆಂದು ಬರೆದು ವಾಚಕರನ್ನು ಮೆಚ್ಚಿಸಲಾರೆವು. ಆದರೆ ಪ್ರಸಾದಕ್ಕೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತರು. ಕತ್ತಿಯು ಮತ್ತೆ ಕೆಂಪು ವಸ್ತ್ರದೊಳಗೆ ಅದೇ ಗೂಡಿಗೆ ಹೋಯಿತು. ಮುಂದಿನ ವರ್ಷವೂ ನೀರು ತಮ್ಮನ ಮನೆಯಿಂದಲೇ ಬರಬೇಕೆಂದು ಅವ್ವ ಆಜ್ಞಾಪಿಸಿದ್ದಾರೆ.

ಹಿಂದಿರುಗುವಾಗ ವಿದುರಾಶ್ವತ್ಥದಲ್ಲಿ ಇಳಿದೆವು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಸ್ಥಳವಿದು. ಮಡಿದವರ ಸ್ಮರಣೆಗಾಗಿ ಇಲ್ಲಿ ವೀರಸೌಧವಿದೆ. ನಾಗರಗಲ್ಲುಗಳ ಸಾಲನ್ನು ದಾಟಿ ಅದರ ಮುಂದೆ ನಿಂತಾಗ, ಬದುವಿನ ಮೇಲಿನ ಆ ಹಳೆಯ ಕಲ್ಲು ಕಣ್ಣ ಮುಂದೆ ಬಂತು. ಅಲ್ಲಿನ ವೀರನ ಕೈಯಲ್ಲಿ ಬಾಳ್ ಇತ್ತು. ಇಲ್ಲಿನ ವೀರರ ಕೈಯಲ್ಲಿ ಯಾವ ಅಲಗೂ ಇರಲಿಲ್ಲ. ನಿರಾಯುಧರೆಂದರೆ ಆಯುಧವಿಲ್ಲದವರು ಎಂದು ಕೋಶಗಳು ಅರ್ಥ ಹೇಳುತ್ತವೆ. ಅವರನ್ನೂ ನಮ್ಮ ಜನ ವೀರರೆಂದೇ ಕರೆದರು, ಆ ಹಳೆಯ ಶಬ್ದವನ್ನೇ ಕೊಟ್ಟರು.

ನಮ್ಮ ಮನೆಗಳ ಅಟ್ಟದ ಮೇಲೆ, ದೇವರ ಗೂಡಿನಲ್ಲಿ, ಹಳೆಯ ಪೆಟ್ಟಿಗೆಗಳಲ್ಲಿ ಇನ್ನೂ ಎಷ್ಟು ಕತ್ತಿ ಕಠಾರಿಗಳು ಮಲಗಿವೆಯೋ. ಮುಂದಿನ ಮಹಾನವಮಿಗೆ ಅವನ್ನು ಹೊರತೆಗೆದಾಗ ಮನೆಯ ಹಿರಿಯರನ್ನು ಅದರ ಹೆಸರು ಕೇಳಿ ಬರೆದಿಡಿ. ಆಮೇಲೆ ಅಣ್ಣತಮ್ಮಂದಿರು ಕೂಡಿ ತೊಳೆಯಿರಿ. ಕನ್ನಡವು ಬಾಳನ್ನು ತೊಳೆದು ಬಾಳನ್ನು ಉಳಿಸಿಕೊಂಡ ಭಾಷೆ. ಅದನ್ನಾಡುವ ಮನೆಗಳೂ ಹಾಗೆಯೇ ಬಾಳಲಿ.